ಮೈನಸ್ ಹದಿನೆಂಟು

ತಿಕೋಟಾ ರಸ್ತೆಯ ಕೋಲ್ಡ್ ಸ್ಟೋರೇಜಿನ್ಯಾಗ
ಇಪ್ಪತ್ತಾರು ವರ್ಷ ನಂದು ಒಂದ ಕೆಲಸ:
ಒಳಗಿನ ಬಿಸಿ ಹಿಡದು ಹೊರಗ ಒಗಿಯೂದು.
ಮಣೂಕದ ಪೆಟ್ಟಿಗಿ ನಾಕು ಡಿಗ್ರಿಯೊಳಗ ನಿದ್ದಿ ಮಾಡತಾವ.
ಹಿಂದಿನ ಗ್ವಾಡಿಗೆ ಕಂಡೆನ್ಸರ್ ಬುಸುಗುಡತದ,
ಆ ಗಾಳಿಗೆ ನನ್ನ ಹೆಂಡತಿ ಸಂಡಿಗಿ ಒಣಸತಾಳ.
ಆ ಬಿಸಿ ಯಾರದು ಅಂತ ನಾ ಯಾವತ್ತೂ ಕೇಳಿದ್ದಿಲ್ಲ.

ಮೇ ತಿಂಗಳು. ಹೊರಗ ನಲವತ್ತೆರಡು.
ಇಳಕಲ್ಲಿನ ಸುವರ್ಣಾ ಹಂಚಿನಾಳ
ಟೆಂಪೋದಿಂದ ಮಶೀನ ಇಳಿಸಿದಳು.
‘ದಸ್ತಗೀರ್ ಮಾಮಾ, ನಿಮ್ಮ ಐಸ್‌ಕ್ರೀಮ್ ಖೋಲಿ
ನಾಕ ದಿನ ಖಾಲಿ ಮಾಡಿ ಕೊಡ್ರಿ.
ಝಂಸ್ಕಾರದಾಗ ಹುಡುಗರ ಹಾಸ್ಟೇಲ್ ಒಂದೈತಿ,
ಅದಕ್ಕ ಬಿಸಿ ಹೊಂದಸಬೇಕು.
ಅಲ್ಲಿಯ ಥಂಡಿ ಈ ಊರಾಗ
ನಿಮ್ಮ ಹತ್ರ ಅಷ್ಟ ಸಿಗತೈತಿ.’

ಥಂಡಿಯೊಳಗಿಂದ ಬಿಸಿ ತಗೀತೀನಿ ಅಂದ್ಲು.
ಒಣಗಿದ ಕಬ್ಬಿನ ಸಿಪ್ಪಿಯಿಂದ ರಸ ತಗದಂಗ, ಅಂದ್ಕೊಂಡೆ.
ಆದರ ನನ್ನ ಕೈ ಸುಳ್ಳ ಹೇಳಲಿಲ್ಲ:
ಅದ ಕಂಪ್ರೆಸರ್, ಅದ ತಾಮ್ರದ ಕೊಳವಿ,
ಮುಖ ಅಷ್ಟ ತಿರುಗಿಸಿ ನಿಂತಿತ್ತು.

ಮಶೀನಿನ ಹೊರಗಿನ ಭಾಗ ಖೋಲಿಯೊಳಗ,
ಒಳಗಿನ ಭಾಗ ಹೊರಗ, ಬೇವಿನ ನೆರಳಾಗ.
ಬಾವಿ ನೀರು ಇಪ್ಪತ್ತೇಳಕ್ಕ ಹೋಗಿ ಮೂವತ್ತೆಂಟಕ್ಕ ಬಂತು.
ಹದಿನೈದು ಲೀಟರಿನ ಬಕೀಟು,
ತುಂಬಾಕ ನೂರಾ ಹದಿಮೂರು ಸೆಕೆಂಡು.
ಮಶೀನಿನ ತಗಡಿನ ಮ್ಯಾಲ ಹನ್ನೊಂದು ಕಿಲೋವ್ಯಾಟ್ ಅಂತ ಬರದಿತ್ತು.
ಬಕೀಟು ಹೇಳಿದ್ದು ಆರು. ಆರರ ಮ್ಯಾಲ ಚೂರು.
‘ತಗಡು ಹೇಳೂದು ಏಳು ಡಿಗ್ರಿ ಹಗಲಿನ ಮಾತು,
ಬಕೀಟು ಹೇಳೂದು ಜನವರಿ ರಾತ್ರಿದು,’ ಅಂತ ಬರಕೊಂಡ್ಲು.

ಮೊದಲನೇ ದಿನಾನ ನನ್ನ ಹಳೇ ಕಂಪ್ರೆಸರ್ ಗಪ್ ಆತು.
ಕೆಟ್ಟಿತೇನೋ ಅಂತ ಓಡಿದೆ.
ಕೆಟ್ಟಿಲ್ಲ. ಅದರ ಕೆಲಸ ಇದು ಮಾಡಾಕತ್ತಿತ್ತು.
ಖೋಲಿ ಇಪ್ಪತ್ತೊಂದಕ್ಕ ಇಳಿದು, ಕದಾ ತಗದು
ಬಿಜಾಪುರದ ಬಿಸಲು ಒಂಚೂರು ಒಳಗ ಬಿಡಬೇಕಾತು.
ಗಾಳಿ ಹೊಕ್ಕಿತು, ಹಿಂದ ಹಸಿ ಹೊಕ್ಕಿತು,
ಕಾಯಿಲ್ ಮ್ಯಾಲ ಹಿಮ ಬೆಳ್ಳಗ ಕೂತಿತು.
ಮಶೀನ ನಿಂತು, ಉಸಿರು ತಿರುಗಿಸಿ,
ತನ್ನ ಮೈಯ ತಾನ ಕಾಸಿಕೊಂಡಿತು, ನಾಕು ನಿಮಿಷ.
ಆ ನಾಕು ನಿಮಿಷ ಹುಡುಗರಿಗೆ ಬಿಸಿ ಇಲ್ಲ.
ಅದನ್ನೂ ಬರಕೊಂಡ್ಲು.

‘ಎರಡು ಪಟ್ಟು ದೊಡ್ಡದು ಹಾಕವ್ವಾ, ನಿಶ್ಚಿಂತಿ,’ ಅಂದೆ.
‘ಇಪ್ಪತ್ತು ರಾತ್ರಿಗೋಸ್ಕರ ಆನಿ ಕಟ್ಟಿದರ
ಉಳದ ದಿನಾ ಮೇವು ಯಾರು ಹಾಕ್ತಾರ, ಮಾಮಾ?
ಅರ್ಧ ಚಳಿಯಾಗ ಅದು ಎದ್ದು ಕೂತು, ಎದ್ದು ಕೂತು,
ಎರಡ ವರ್ಷದಾಗ ಸಾಯತೈತಿ.
ಮೊದಲ ಕಿಟಕಿಯ ಸಂದಿ ಮುಚ್ಚಬೇಕು.
ಮಾಳಗಿಗೆ ಉಣ್ಣಿ ಹೊಚ್ಚಬೇಕು.
ಆಮ್ಯಾಲ ಅಳಿಯೂದು.’

ಅಕಿ ವಹಿಯೊಳಗ ಗ್ವಾಡಿ ಇದ್ವು, ಕಿಟಕಿ ಇದ್ವು,
ಒಂದು ಸಾಲಿನ್ಯಾಗ ಅರವತ್ತು ಹುಡುಗರೂ ಇದ್ರು:
ಮಲಗಿದ ಕೂಸಿಗೆ ಅರವತ್ತು ವ್ಯಾಟ್.
ನನಗ ನಗು ಬಂತು, ಆಮ್ಯಾಲ ಬರಲಿಲ್ಲ.
ಮೂರನೇ ದಿನ ನೋಡಿದರ ಆ ಸಾಲಿನ ಮ್ಯಾಲ ಗೀಟು.
‘ಯಾಕ ಹೊಡದಿ?’
‘ಸೂಟಿ ಮುಗಿಸಿ ಬರೂ ರಾತ್ರಿ ಅವರು ದಾರ್ಯಾಗ ಇರ್ತಾರ್ರಿ.
ಅವರು ಬರೂಕಿಂತ ಮೊದಲ ಖೋಲಿ ಬೆಚ್ಚಗಿರಬೇಕು.
ಅವರ ಮೈ ನಂಬಿ ನಾ ಲೆಕ್ಕ ಹಾಕಬಾರದು.’

ಅಲ್ಲಿ ಗಾಳಿ ತೆಳು ಅಂತ.
ಮೂರು ಹಿಡಿ ಹಿಡದರ ಎರಡು ಹಿಡಿ ಅಷ್ಟ.
ಅದನ್ನ ಈ ಊರಾಗ ಅಳಿಯಾಕ ಆಗಲಿಲ್ಲ,
ಅಂಚಿನ್ಯಾಗ ಪೆನ್ಸಿಲ್ಲಿಲೆ ಒಂದು ಪ್ರಶ್ನಿ ಬರದು ಬಿಟ್ಲು.

ನಾಕನೇ ದಿನ ಮಾಲಕರು ಚೀರಿದರು, ಐಸ್‌ಕ್ರೀಮ್ ಲಾರಿ ಬಂದಿತ್ತು.
ಟೆಂಪೋ ಹೋತು.

ರಾತ್ರಿ ಹಿಂದಿನ ಗ್ವಾಡಿಗೆ ಹೋಗಿ ನಿಂತೆ.
ಸಂಡಿಗಿ ಅರ್ಧ ಒಣಗಿದ್ದವು.
ಕಂಡೆನ್ಸರಿಗೆ ಅಂಗೈ ಹಿಡದೆ,
ಮೈನಸ್ ಹದಿನೆಂಟರ ಖೋಲಿಯಿಂದ ಬಂದ ಬಿಸಿ.
ಹೆಂಡತಿ ಕೇಳಿದ್ಲು, ಕೈಯ್ಯಾಗೇನದ?
ಅರವತ್ತು ವ್ಯಾಟ್ ಇರಬೇಕು ಅಂದೆ.